ಹೊಡೆಯದೆ ಗಳಿಸಿದ ರನ್ನುಗಳು

ಕಳೆದ ಬೇಸಿಗೆಯಲ್ಲಿ ಹಳೆಯ ಟ್ರಂಕೊಂದನ್ನು ತೆರೆದು, ಗೆದ್ದಲು ತಿಂದ ಕಾಗದಗಳನ್ನು ಬೇರ್ಪಡಿಸುತ್ತ ಕುಳಿತಿದ್ದೆ. ಪಾಠಟಿಪ್ಪಣಿಗಳು, ವರ್ಗಾವಣೆಯ ಆದೇಶಗಳು, ಬೀಳ್ಕೊಡುಗೆಯ ಭಾವಚಿತ್ರಗಳು ಇವುಗಳ ನಡುವೆ ನೂರು ಹಾಳೆಯ ಒಂದು ಗಣಿತದ ನೋಟುಪುಸ್ತಕ ಕೈಗೆ ಸಿಕ್ಕಿತು. ರಟ್ಟಿನ ಮೇಲೆ ನನ್ನದೇ ಕೈಬರಹದಲ್ಲಿ ‘ಕ್ರಿಕೆಟ್ ಲೆಕ್ಕ, 1997’ ಎಂದಿತ್ತು. ಅದನ್ನು ಬಿಡಿಸಿ ನೋಡಿದ ಮೇಲೆ ಅಂದಿನ ಕೆಲಸ ಮುಂದುವರಿಯಲಿಲ್ಲ. ಇಪ್ಪತ್ತೆಂಟು ವರ್ಷಗಳ ಹಿಂದೆ ನಾನು ಮಾಡಿದ ಒಂದು ತಪ್ಪು, ಅದೂ ನನ್ನದೇ ಪೆನ್ಸಿಲಿನಿಂದ ಬರೆದದ್ದು, ಆ ಹಾಳೆಯ ಮೇಲೆ ಅಳಿಸದೆ ಉಳಿದಿತ್ತು. ಆ ತಪ್ಪನ್ನು ಹೇಳುವ ಮುನ್ನ ಸ್ವಲ್ಪ ದೂರ ಸುತ್ತಿಬರಬೇಕಾಗಿದೆ. ಓದುಗ ಮಿತ್ರರು ಸೈರಿಸಬೇಕು.

ನಾನು ನಿವೃತ್ತನಾದ ಮರುವರ್ಷ, ಅಂದರೆ 2004ರ ಬೇಸಿಗೆಯಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ನೌಕರಿಯಲ್ಲಿದ್ದ ಮಗನ ಮನೆಗೆ ಹೋಗಿದ್ದೆ. ಹಗಲೆಲ್ಲ ಮಗ, ಸೊಸೆ ಕೆಲಸಕ್ಕೆ ಹೋಗುವರು. ಮಾತನಾಡಲು ನೆರೆಹೊರೆಯಿಲ್ಲ, ಕಾಲಾಡಿಸಲು ಹೋದರೆ ದಾರಿಯಲ್ಲಿ ಒಂದು ನರಪಿಳ್ಳೆಯೂ ಸಿಗದು. ಹೀಗಿರುವಾಗ ದೂರದರ್ಶನದ ಪರದೆಯ ಮೇಲೆ ಬೇಸ್‌ಬಾಲ್ ಎಂಬ ಆಟ ನನಗೆ ಜೊತೆಯಾಯಿತು. ಮೊದಮೊದಲು ಅದು ನಮ್ಮ ಚಿಣಿಕೋಲಿಗೂ ಕ್ರಿಕೆಟ್ಟಿಗೂ ಹುಟ್ಟಿದ ಕೂಸಿನಂತೆ ಕಂಡಿತು. ದಿನ ಕಳೆದಂತೆ ಅದರ ಒಂದು ನಿಯಮ ನನ್ನನ್ನು ಹಿಡಿದು ನಿಲ್ಲಿಸಿತು.

ಆ ನಿಯಮ ಇಷ್ಟೆ. ಚೆಂಡು ಎಸೆಯುವವನು ದಾಂಡಿಗನ ಎಟುಕಿಗೆ ನ್ಯಾಯವಾಗಿ ಸಿಗುವ ಗೊತ್ತಾದ ವಲಯದೊಳಗೆ ಎಸೆಯಬೇಕು. ವಲಯದ ಹೊರಗೆ ನಾಲ್ಕು ಸಲ ಎಸೆದು, ದಾಂಡಿಗನು ಆ ನಾಲ್ಕಕ್ಕೂ ದಾಂಡು ಬೀಸದೆ ಬಿಟ್ಟರೆ, ಅವನು ದಾಂಡನ್ನು ಕೆಳಗಿಟ್ಟು ನಡೆದುಕೊಂಡೇ ಮೊದಲನೆಯ ಬೇಸಿಗೆ ಹೋಗಬಹುದು. ಓಡಬೇಕಾಗಿಲ್ಲ, ಔಟಾಗುವ ಭಯವಿಲ್ಲ. ಆದುದರಿಂದಲೇ ಅದಕ್ಕೆ ‘ವಾಕ್’ ಎಂದು ಹೆಸರು. ಹೊಡೆಯದಿರುವುದಕ್ಕೂ ಒಂದು ಫಲವುಂಟು ಎಂದು ಒಪ್ಪಿಕೊಂಡ ಆಟ ಅದು.

ಆ ವರ್ಷ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ತಂಡದ ಬ್ಯಾರಿ ಬಾಂಡ್ಸ್ ಎಂಬ ದಾಂಡಿಗನು 232 ಸಲ ಹೀಗೆ ನಡೆದುಹೋದನು. ಹಿಂದಿನ ದಾಖಲೆಯೂ ಅವನದೇ, 2002ರ 198. ಅದಕ್ಕೂ ಹಿಂದೆ 1923ರಲ್ಲಿ ಬೇಬ್ ರೂತ್ ಬರೆದಿದ್ದ 170ರ ದಾಖಲೆಯನ್ನು 2001ರಲ್ಲಿ 177ರಿಂದ ಮುರಿದವನೂ ಅವನೇ. 2004ರಲ್ಲಿ ಅದೇ ಲೀಗಿನಲ್ಲಿ ಅವನ ನಂತರದ ಸ್ಥಾನದಲ್ಲಿದ್ದ ಬಾಬಿ ಅಬ್ರೇಯು, ಲ್ಯಾನ್ಸ್ ಬರ್ಕ್‌ಮನ್, ಟಾಡ್ ಹೆಲ್ಟನ್ ಮೂವರೂ 127ರಲ್ಲಿ ನಿಂತರು. ನಡುವಿನ ಅಂತರವನ್ನು ನೋಡಿದರೆ ಒಂದೇ ಆಟವನ್ನು ಆಡಿದವರು ಎಂದು ನಂಬಲಾಗದು. ಕೊಲ್ಲಿಯ ಆಚೆ ದಡದ ಓಕ್ಲೆಂಡ್ ತಂಡದ ಎರಿಕ್ ಶಾವೆಜ್ ಇನ್ನೊಂದು ಲೀಗಿನಲ್ಲಿ ಮೊದಲಿಗನಾದದ್ದು ಕೇವಲ 95ರಿಂದ.

ಆದರೆ ಬಾಂಡ್ಸನ ಆ 232ರಲ್ಲಿ 120 ಎದುರಾಳಿಗಳು ಬೇಕೆಂದೇ ಕೊಟ್ಟವು. ಇವನಿಗೆ ನ್ಯಾಯವಾಗಿ ಎಸೆದರೆ ಚೆಂಡು ಕೊಲ್ಲಿಯ ನೀರಿಗೆ ಬೀಳುತ್ತದೆ, ಅದಕ್ಕಿಂತ ಒಂದು ಬೇಸ್ ದಾನ ಕೊಟ್ಟು ಕಳುಹಿಸುವುದೇ ಲೇಸು ಎಂಬ ಲೆಕ್ಕಾಚಾರ. ಆ ಕಾಲಕ್ಕೆ ಬೇಕೆಂದೇ ನಡೆಸಿ ಕಳುಹಿಸುವಾಗಲೂ ನಾಲ್ಕು ಚೆಂಡುಗಳನ್ನು ದೂರ ಎಸೆಯಲೇಬೇಕಿತ್ತು. ಕೈಸನ್ನೆ ಮಾಡಿದರೆ ಸಾಕೆಂಬ ನಿಯಮ ಬಂದದ್ದು 2017ರಲ್ಲಿ. ಎದುರಾಳಿ ಹಾಗೆ ಎಸೆಯತೊಡಗಿದೊಡನೆ ಊರಿನ ಪ್ರೇಕ್ಷಕರು ರಬ್ಬರಿನ ಕೋಳಿಗಳನ್ನು ಎತ್ತಿ ತೋರಿಸಿ ಕೂಗುತ್ತಿದ್ದರು. ಅವರ ಮಾತಿನಲ್ಲಿ ಕೋಳಿಯೆಂದರೆ ಅಂಜುಬುರುಕ. ಒಟ್ಟಿನಲ್ಲಿ ಆ ವರ್ಷ ಅವನು 617 ಸಲ ದಾಂಡು ಹಿಡಿದು ನಿಂತು, 376 ಸಲ ಔಟಾಗದೆ ಬೇಸ್ ತಲುಪಿದನು. ಮುಂದೆ ಶಕ್ತಿವರ್ಧಕ ಮದ್ದಿನ ವಿವಾದ ಅವನ ಹೆಸರಿಗೆ ಅಂಟಿಕೊಂಡಿತು, ಅವನ ದಾಖಲೆಗಳ ಮೇಲೆ ಇಂದಿಗೂ ಆ ನೆರಳಿದೆ. ಆದುದರಿಂದ ಅವನನ್ನು ಆದರ್ಶವೆಂದು ನಾನು ಹೇಳಲಾರೆ. ಅವನು ನಡೆದದ್ದು ಬಹುಮಟ್ಟಿಗೆ ಇತರರ ಭಯದಿಂದ. ನನಗೆ ಹೆಚ್ಚು ಪ್ರಿಯನಾದವನು ಎಡ್ಡಿ ಯೋಸ್ಟ್ ಎಂಬ ಹಳೆಯ ಆಟಗಾರ. ಅವನಿಗೆ ಯಾರೂ ಹೆದರುತ್ತಿರಲಿಲ್ಲ. ಆದರೂ ಒಳ್ಳೆಯ ಚೆಂಡು ಯಾವುದು, ಕೆಟ್ಟ ಚೆಂಡು ಯಾವುದು ಎಂದು ಗುರುತಿಸುವ ಕಣ್ಣೊಂದರ ಬಲದಿಂದಲೇ ತನ್ನ ಆಟದ ಜೀವನದಲ್ಲಿ 1614 ಸಲ ನಡೆದನು. ಜನ ಅವನನ್ನು ‘ನಡೆಯುವ ಮನುಷ್ಯ’ನೆಂದೇ ಕರೆದರು.

ಇಷ್ಟಾದರೂ ಆ ದೇಶದಲ್ಲಿ ಬಹುಕಾಲ ವಾಕಿಗೆ ಮರ್ಯಾದೆ ಇರಲಿಲ್ಲ. ಅದಕ್ಕೆ ಕಾರಣ ಕ್ರಿಕೆಟ್ ಎಂದರೆ ನಿಮಗೆ ಆಶ್ಚರ್ಯವಾದೀತು. ಬೇಸ್‌ಬಾಲಿನ ಲೆಕ್ಕಪಟ್ಟಿಗೆ ರೂಪ ಕೊಟ್ಟವರಲ್ಲಿ ಮುಖ್ಯನಾದ ಹೆನ್ರಿ ಚಾಡ್ವಿಕ್ ಎಂಬ ಪತ್ರಕರ್ತನು 1824ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕಕ್ಕೆ ಹೋದವನು. ಕ್ರಿಕೆಟ್ಟನ್ನು ಬಲ್ಲವನು. ಕ್ರಿಕೆಟ್ಟಿನಲ್ಲಿ ವೈಡ್ ಎಸೆತದ ರನ್ನು ದಾಂಡಿಗನ ಹೆಸರಿಗೆ ಹೋಗುವುದಿಲ್ಲ, ಅದು ಎಸೆದವನ ತಪ್ಪು. ಅದೇ ನ್ಯಾಯವನ್ನು ಚಾಡ್ವಿಕ್ ಅಲ್ಲಿಯೂ ಅನ್ವಯಿಸಿದನು. ನಡೆದು ಹೋದವನಿಗೆ ಸರಾಸರಿಯಲ್ಲಿ ಒಂದು ಕಾಸಿನ ಪುಣ್ಯವೂ ಸಿಗಲಿಲ್ಲ. 1887ರ ಒಂದು ವರ್ಷ ಮಾತ್ರ ವಾಕನ್ನೂ ಹೊಡೆತವೆಂದು ಎಣಿಸಿ, ಮರುವರ್ಷವೇ ಆ ಕ್ರಮವನ್ನು ಕೈಬಿಟ್ಟರು. ಸುಮಾರು ಒಂದು ಶತಮಾನ ಹೀಗೆಯೇ ನಡೆಯಿತು. ಮುಂದೆ ಹಣದ ಬಲವಿಲ್ಲದ ಓಕ್ಲೆಂಡ್ ತಂಡದವರು, ಸರಾಸರಿ ಕಡಿಮೆಯಿದ್ದರೂ ತಾಳ್ಮೆಯಿಂದ ಬೇಸ್ ತಲುಪುವ ಆಟಗಾರರನ್ನು ಅಗ್ಗದ ಬೆಲೆಗೆ ಹುಡುಕಿ ತಂದು, 2002ರಲ್ಲಿ 103 ಪಂದ್ಯಗಳನ್ನು, ಅವುಗಳಲ್ಲಿ 20ನ್ನು ಒಂದರ ಹಿಂದೊಂದರಂತೆ, ಗೆದ್ದರು. ಆ ಕಥೆಯನ್ನು ಮೈಕೇಲ್ ಲೂಯಿಸ್ 2003ರಲ್ಲಿ ‘ಮನಿಬಾಲ್’ ಎಂಬ ಪುಸ್ತಕವಾಗಿ ಬರೆದನು. ಆಟಗಾರರು ಬದಲಾಗಿರಲಿಲ್ಲ, ಎಣಿಸುವ ಕ್ರಮ ಬದಲಾಗಿತ್ತು.

ನಮ್ಮ ಕ್ರಿಕೆಟ್ಟಿನಲ್ಲಾದರೋ ಆ ರನ್ನುಗಳಿಗೆ ‘ಇತರೆ’ ಎಂದು ಹೆಸರು. ಪತ್ರಿಕೆಗಳಲ್ಲಿ ಆಟಗಾರರ ಹೆಸರೆಲ್ಲ ಮುಗಿದ ಮೇಲೆ ಕೆಳಗಿನ ಸಾಲಿನಲ್ಲಿ ಅದು ಅನಾಥವಾಗಿ ನಿಂತಿರುತ್ತದೆ. 2007ರ ಡಿಸೆಂಬರಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಟೆಸ್ಟಿನಲ್ಲಿ ಪಾಕಿಸ್ತಾನ 537 ರನ್ ಗಳಿಸಿತು. ಅದರಲ್ಲಿ ಇತರೆ ರನ್ನುಗಳೇ 76. ಟೆಸ್ಟ್ ಇತಿಹಾಸದಲ್ಲಿಯೇ ಒಂದು ಇನ್ನಿಂಗ್ಸಿನಲ್ಲಿ ಅಷ್ಟು ಇತರೆ ರನ್ ಅದುವರೆಗೆ ಬಂದಿರಲಿಲ್ಲ. ಒಬ್ಬ ಬ್ಯಾಟ್ಸ್‌ಮನ್ 76 ಹೊಡೆದಿದ್ದರೆ ಮರುದಿನ ಅವನ ಚಿತ್ರ ಅಚ್ಚಾಗುತ್ತಿತ್ತು. ‘ಇತರೆ’ಗೆ ಮುಖವೆಲ್ಲಿದೆ?

ಬಿಡುವುದೂ ಒಂದು ವಿದ್ಯೆಯೆಂದು ನಮ್ಮ ನಾಡಿಗೆ ಕಲಿಸಿದವರು ರಾಹುಲ್ ದ್ರಾವಿಡ್. 2012ರಲ್ಲಿ ಅವರು ನಿವೃತ್ತರಾದಾಗ 164 ಟೆಸ್ಟ್‌ಗಳಲ್ಲಿ 31,258 ಎಸೆತಗಳನ್ನು ಎದುರಿಸಿದ್ದರು. ಟೆಸ್ಟ್ ಆಟದಲ್ಲಿ ಅಷ್ಟು ಚೆಂಡುಗಳನ್ನು ಎದುರಿಸಿದವರು ಬೇರೊಬ್ಬರಿಲ್ಲ. ಅವರ ರನ್ನುಗಳು 13,288. ಅಂದರೆ ಅವರು ತಡೆದ, ಬಿಟ್ಟ ಚೆಂಡುಗಳ ರಾಶಿಯೇ ಹೊಡೆದವುಗಳಿಗಿಂತ ಬಹಳ ದೊಡ್ಡದು. 2002ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಹೆಡಿಂಗ್ಲೆಯಲ್ಲಿ, ಚೆಂಡು ಹಾವಿನಂತೆ ಹೊರಳುತ್ತಿದ್ದ ಮೊದಲ ದಿನ, ಅವರೂ ಸಂಜಯ್ ಬಂಗಾರ್ ಅವರೂ ಸೇರಿ 170 ರನ್ನುಗಳ ಜೊತೆಯಾಟ ಕಟ್ಟಿದರು. ದ್ರಾವಿಡ್ 148, ಬಂಗಾರ್ 68. ಆಮೇಲೆ ತೆಂಡೂಲ್ಕರ್ 193, ಗಂಗೂಲಿ 128 ಹೊಡೆದರು, ಭಾರತ ಇನ್ನಿಂಗ್ಸ್ ಮತ್ತು 46 ರನ್ನುಗಳಿಂದ ಗೆದ್ದಿತು. ಬಂಗಾರರ 68ನ್ನು ಈಗ ಎಷ್ಟು ಜನ ನೆನೆಯುತ್ತಾರೆ? 2008ರ ಜನವರಿಯಲ್ಲಿ ಸಿಡ್ನಿಯಲ್ಲಿ ದ್ರಾವಿಡ್ 18 ರನ್ನಿನಲ್ಲಿಯೇ 40 ಎಸೆತ ನಿಂತರು. ಕೊನೆಗೆ ಒಂದು ರನ್ ಓಡಿದಾಗ ಪ್ರೇಕ್ಷಕರು ಚಪ್ಪಾಳೆ ತಟ್ಟಿ ಗೇಲಿ ಮಾಡಿದರು. ಅವರು ಬ್ಯಾಟನ್ನು ಎತ್ತಿ ಆ ಗೇಲಿಯನ್ನೂ ಸ್ವೀಕರಿಸಿದರು.

ಆ ಚಪ್ಪಾಳೆಯನ್ನು ಟಿವಿಯಲ್ಲಿ ಕೇಳಿದಾಗ ನನಗೇಕೋ ಮೈ ಚುರುಕ್ಕೆಂದಿತ್ತು. ಕಾರಣ ಆಗ ಹೊಳೆದಿರಲಿಲ್ಲ. ನೋಟುಪುಸ್ತಕ ಸಿಕ್ಕ ಮೇಲೆ ಹೊಳೆಯಿತು. ಅಂಥದೇ ಚಪ್ಪಾಳೆಯನ್ನು ನಾನೂ ಒಮ್ಮೆ ತಟ್ಟಿದ್ದೆ.

ನನ್ನ ಸೇವೆಯೆಲ್ಲ ಕಳೆದದ್ದು ಗುಲಬರ್ಗಾ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ. ಆಳಂದದ ಕಡೆಯಿಂದ ಹರಿದುಬರುವ ಅಮರ್ಜಾ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತಾಳೆ. ಭೀಮೆ ಅಲ್ಲಿಂದ ಮುಂದೆ ಜೇವರ್ಗಿಯ ಸೀಮೆಗೆ ಇಳಿಯುತ್ತಾಳೆ. ನನ್ನ ವರ್ಗಾವಣೆಗಳೂ ಆ ನೀರಿನ ಹಾದಿಯನ್ನೇ ಹಿಡಿದವು. 1997ರಲ್ಲಿ ನಾನು ಅಫಜಲಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದೆ. ಹಿಂದಿನ ವರ್ಷವೇ ವಿಶ್ವಕಪ್ ನಡೆದು, ಶ್ರೀಲಂಕಾದ ಜಯಸೂರ್ಯನ ಹೊಡೆತಗಳು ಊರೂರಿನ ಹುಡುಗರ ತಲೆಗೇರಿದ್ದವು. ಹಿಂಗಾರಿ ಜೋಳದ ರಾಶಿ ಮುಗಿದು, ಎರೆಹೊಲ ಬಯಲಾದೊಡನೆ ಕೂಳೆ ಕಿತ್ತು, ನೆಲ ಬಡಿದು, ಟೆನಿಸ್ ಚೆಂಡಿನ ಕ್ರಿಕೆಟ್ ಶುರುವಾಗುತ್ತಿತ್ತು. ಶಿವರಾತ್ರಿಯ ಹಿಂದುಮುಂದಿನ ಆ ದಿನಗಳಲ್ಲಿ ಸುತ್ತಲಿನ ಶಾಲೆಗಳ ಹುಡುಗರು ಒಬ್ಬರ ಊರಿಗೊಬ್ಬರು ಹೋಗಿ ಹನ್ನೆರಡು ಓವರುಗಳ ಪಂದ್ಯ ಆಡುವರು. ಗಣಿತದ ಮಾಸ್ತರನಾದ ನನಗೆ ಲೆಕ್ಕ ಬರೆಯುವ ಕೆಲಸ. ತಂಡವನ್ನು ಆರಿಸುವ ಅಧಿಕಾರವೂ ನನ್ನದೇ.

ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಸಣಕಲು ಮೈ, ಮಾತು ಕಡಿಮೆ. ಶಾಲೆ ಬಿಟ್ಟೊಡನೆ ಹೊಲಕ್ಕೆ ಓಡುವವನು. ಆಳಂದ ತಾಲ್ಲೂಕಿನ ಒಂದು ಊರಿನ ತಂಡ ನಮ್ಮಲ್ಲಿಗೆ ಬಂದಾಗ, ಒಬ್ಬ ಆಟಗಾರ ಕಡಿಮೆಯಾದನೆಂದು ಇವನನ್ನು ಸೇರಿಸಿಕೊಂಡೆ. ಎರಡು ವಿಕೆಟ್ ಬಿದ್ದ ಮೇಲೆ ಒಳಗೆ ಹೋದವನು ಕೊನೆಯವರೆಗೂ ನಿಂತನು. ನಿಂತನು ಎಂದರೆ ನಿಂತನು, ಅಷ್ಟೆ. ಆ ಊರಿನ ಹುಡುಗರು ಬಹಳ ಜೋರಾಗಿ, ಬಹಳ ಅಡ್ಡಾದಿಡ್ಡಿಯಾಗಿ ಎಸೆಯುತ್ತಿದ್ದರು. ದೂರ ಹೋದ ಚೆಂಡನ್ನು ಇವನು ತಲೆ ತಿರುಗಿಸಿ ನೋಡುವನೇ ಹೊರತು ಬ್ಯಾಟನ್ನು ಅಲುಗಿಸನು. ಸುತ್ತ ನಿಂತ ಊರಿನ ಜನ ಮೊದಲು ಕೂಗಿದರು, ಆಮೇಲೆ ನಕ್ಕರು. ಕೊನೆಯ ಓವರಿನಲ್ಲಿ ಅವನು ಚೆಂಡನ್ನು ಮೆಲ್ಲನೆ ತಳ್ಳಿ ಒಂದು ರನ್ ಓಡಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ನಾನೂ ತಟ್ಟಿದೆ. ಅದು ಹೊಗಳಿಕೆಯ ಚಪ್ಪಾಳೆಯಾಗಿರಲಿಲ್ಲ.

ಅಂದು ನಾವು ಐದು ರನ್ನುಗಳಿಂದ ಗೆದ್ದೆವು. ಸಂಜೆ ಅವನನ್ನು ಕರೆದು ಕೇಳಿದೆ.

“ಏನಲೇ, ಬ್ಯಾಟ ಹಿಡಕೊಂಡು ಗುಡಿ ಮುಂದಿನ ಕಂಬದಂಗ ನಿಂತಿದ್ದೆಲ್ಲ, ಹೊಡೀಲಿಕ್ಕಿ ಏನಾಗಿತ್ತು?”

“ದೂರ ಹೋಗೋ ಚೆಂಡಿಗಿ ಯಾಕ ಹೊಡೀಬೇಕ್ರಿ ಸರ? ಬಿಟ್ರ ರನ್ ಬರ್ತದಲ್ರಿ.”

“ಆ ರನ್ ನಿನ್ನ ಹೆಸರಿಗಿ ಬರಂಗಿಲ್ಲ, ತಿಳ್ಕೊ.”

“ನಮ್ಮ ಸಾಲಿಗಿ ಬರ್ತದಲ್ರಿ ಸರ.”

ಇದಕ್ಕೆ ನಾನು ಉತ್ತರ ಕೊಡಲಿಲ್ಲ. ಎದುರುತ್ತರ ಕೊಡುವ ಹುಡುಗನೆಂದು ಮನಸ್ಸಿನಲ್ಲಿಯೇ ಗುರುತು ಹಾಕಿಕೊಂಡೆ. ಮುಂದಿನ ವಾರ ಹೊಳೆಯಾಚೆಯ ಜೇವರ್ಗಿ ತಾಲ್ಲೂಕಿನ ಊರಿಗೆ ಹೋಗುವ ತಂಡದಲ್ಲಿ ಅವನ ಹೆಸರನ್ನು ಬರೆಯಲಿಲ್ಲ. “ನಾಲ್ಕು ರನ್ ಹೊಡೆದವರನ್ನು ಅಷ್ಟು ದೂರ ಬಸ್ಸಿಗೆ ಹಾಕಿ ಒಯ್ಯುವುದೇಕೆ” ಎಂದು ಇತರ ಹುಡುಗರ ಎದುರಿಗೇ ಹೇಳಿದೆ. ಅವರು ನಕ್ಕರು. ಅವನು ಚೀಲವನ್ನು ಹೆಗಲಿಗೇರಿಸಿಕೊಂಡು ಹೊಲದ ದಾರಿ ಹಿಡಿದನು. ಆ ಮೇಲೆ ಅವನು ಶಾಲೆಗೆ ತಪ್ಪದೆ ಬಂದನಾದರೂ ಆಟದ ಬಯಲಿಗೆ ಬರಲಿಲ್ಲ.

ಈಗ ಆ ನೋಟುಪುಸ್ತಕದ ಮಾತು. ನಿಯಮದಂತೆ ವೈಡ್‌ಗಳನ್ನು ‘ಇತರೆ’ ಸಾಲಿನಲ್ಲಿ ಮಾತ್ರ ಬರೆಯಬೇಕು. ಆದರೆ ಲೆಕ್ಕ ತಪ್ಪಬಾರದೆಂದು ನಾನು ಚೆಂಡು ಎದುರಿಸಿದವನ ಸಾಲಿನಲ್ಲಿಯೂ ‘ವೈ’ ಎಂದು ಸಣ್ಣದಾಗಿ ಬರೆದುಕೊಳ್ಳುತ್ತಿದ್ದೆ. ಮೊತ್ತಕ್ಕೆ ಮಾತ್ರ ಸೇರಿಸುತ್ತಿರಲಿಲ್ಲ. ಕನ್ನಡಕ ಏರಿಸಿಕೊಂಡು ಎಣಿಸಿದೆ. ಆಳಂದದವರ ಎದುರು ನಮ್ಮ ತಂಡದ ಮೊತ್ತ 71. ಬ್ಯಾಟಿನಿಂದ ಬಂದದ್ದು 47, ಇತರೆ 24. ಆ ಹುಡುಗನ ಹೆಸರಿನ ಮುಂದೆ ನಾಲ್ಕು ರನ್. ಅದೇ ಸಾಲಿನಲ್ಲಿ ‘ವೈ’ಗಳು ಹದಿಮೂರು. ನಾವು ಗೆದ್ದದ್ದು ಐದರಿಂದ. ಹಾಳೆ ತಿರುವಿದರೆ ಜೇವರ್ಗಿಯ ಕಡೆಯ ಪಂದ್ಯ. 49ಕ್ಕೆ ನಾವೆಲ್ಲ ಔಟು, ಇತರೆ ಬರೀ ಐದು. ಬದಿಯಲ್ಲಿ ನನ್ನದೇ ಷರಾ, ಒಂದಲ್ಲ, ಮೂರು ಸಲ: ‘ಹೊರಗಿನ ಚೆಂಡಿಗೆ ಕೈಚಾಚಿ ಕ್ಯಾಚ್’. ಹನ್ನೆರಡು ರನ್ನುಗಳಿಂದ ಸೋತಿದ್ದೆವು. ಅವನಿದ್ದಿದ್ದರೆ ಗೆಲ್ಲುತ್ತಿದ್ದೆವು ಎಂದು ಪ್ರಮಾಣ ಮಾಡಿ ಹೇಳಲಾರೆ. ಆದರೆ ಹದಿಮೂರು ಸಲ ನಾನೇ ಬರೆದ ಅಕ್ಷರವನ್ನು ನಾನೇ ಓದಿರಲಿಲ್ಲ ಎಂಬುದನ್ನು ಮಾತ್ರ ಅಲ್ಲಗಳೆಯಲಾರೆ.

ವೈಡ್ ಎಂಬುದು ಎಸೆದವನ ತಪ್ಪು ತಾನೆ, ಅದರಲ್ಲಿ ಹುಡುಗನ ಹಿರಿಮೆಯೇನು ಎಂದು ಚಾಡ್ವಿಕ್ಕನಂತೆ ಯಾರಾದರೂ ಕೇಳಬಹುದು. ತಪ್ಪು ಎಸೆದವನದೇ, ನಿಜ. ಆದರೆ ಆ ತಪ್ಪನ್ನು ತಪ್ಪಾಗಿಯೇ ಉಳಿಯಗೊಡುವುದಕ್ಕೆ ಒಬ್ಬನು ಬೇಕು. ಕೈಚಾಚಿ ಹೊಡೆಯಲು ಹೋದವನು ಎದುರಾಳಿಯ ತಪ್ಪನ್ನು ತನ್ನ ತಪ್ಪಾಗಿ ಮಾಡಿಕೊಳ್ಳುತ್ತಾನೆ. ಜೇವರ್ಗಿಯ ಪಂದ್ಯದಲ್ಲಿ ನಮ್ಮ ಹುಡುಗರು ಮೂರು ಸಲ ಮಾಡಿದ್ದು ಅದನ್ನೇ.

ಆ ಹಾಳೆಯನ್ನು ಮುಂದಿಟ್ಟುಕೊಂಡು ಕುಳಿತಾಗ ಆಟವನ್ನು ಮೀರಿದ ಯೋಚನೆಗಳೂ ಬಂದವು. ಮೂವತ್ತಕ್ಕೂ ಹೆಚ್ಚು ವರ್ಷ ನಾನು ಅಂಕಪಟ್ಟಿಗಳನ್ನು ಬರೆದವನು. ಪಕ್ಕದವಳಿಗೆ ಲೆಕ್ಕ ತಿಳಿಯುವಂತೆ ಹೇಳಿಕೊಟ್ಟು, ಅವಳ ಅಂಕವನ್ನು ಏರಿಸಿ, ತಾನು ಮಾತ್ರ ಮಧ್ಯಮ ದರ್ಜೆಯಲ್ಲಿ ಉಳಿದ ಹುಡುಗಿಯರಿದ್ದರು. ಗದ್ದಲವೆಬ್ಬಿಸುವ ಬೆಂಚಿನಲ್ಲಿ ಕುಳಿತು, ತನ್ನ ಸುಮ್ಮನಿರುವಿಕೆಯಿಂದಲೇ ಆ ಬೆಂಚನ್ನು ತಣಿಸಿದ ಹುಡುಗರಿದ್ದರು. ಇವರಿಗೆಲ್ಲ ಯಾವ ಕಾಲಮ್ಮಿನಲ್ಲಿ ಅಂಕ ಕೊಟ್ಟೆ? ಫಲಿತಾಂಶದ ಶೇಕಡಾವಾರಿನಲ್ಲಿ ಅವರೆಲ್ಲ ‘ಇತರೆ’ ಆಗಿ ಕರಗಿಹೋದರು.

ಮಳೆಗಾಲಕ್ಕೆ ಮುಂಚೆ ಗಾಣಗಾಪುರಕ್ಕೆ ದತ್ತನ ದರ್ಶನಕ್ಕೆಂದು ಹೋದವನು, ಆ ಹುಡುಗನ ಊರು ಅಲ್ಲಿಂದ ದೂರವಲ್ಲವೆಂದು ವಿಚಾರಿಸಿಕೊಂಡು ಹೋದೆ. ಹುಡುಗನೆಲ್ಲಿ ಬಂತು, ನಲವತ್ತು ದಾಟಿದ ಗೃಹಸ್ಥ. ತೊಗರಿ ಬೆಳೆಯುತ್ತಾನೆ, ಮಗಳು ಕಲಬುರಗಿಯಲ್ಲಿ ಓದುತ್ತಾಳೆ. ನನ್ನನ್ನು ಕಂಡೊಡನೆ ಗುರುತು ಹಿಡಿದು ಕಾಲುಮುಟ್ಟಿ ನಮಸ್ಕರಿಸಿ, ಕಟ್ಟೆಯ ಮೇಲೆ ಕಂಬಳಿ ಹಾಸಿದನು. ಚಹಾ ಬಂದಿತು. ಚೀಲದಿಂದ ನೋಟುಪುಸ್ತಕವನ್ನು ತೆಗೆದು, ಆ ಹಾಳೆಯನ್ನು ಬಿಡಿಸಿ, ಹದಿಮೂರು ‘ವೈ’ಗಳ ಮೇಲೆ ಬೆರಳಿಟ್ಟು ತೋರಿಸಿದೆ. ನನ್ನದು ತಪ್ಪಾಯಿತು ಎಂದು ಹೇಳಲು ಮನೆಯಿಂದಲೇ ಮಾತು ಜೋಡಿಸಿಕೊಂಡು ಹೋಗಿದ್ದೆ. ಆದರೆ ಗಂಟಲು ಕಟ್ಟಿತು. “ಅವತ್ತ ಇದನ್ನ ನೋಡಿರಲಿಲ್ಲಪ್ಪ” ಎಂದಷ್ಟೇ ಹೇಳಿದೆ.

ಅವನು ಬಹಳ ಹೊತ್ತು ಆ ಹಾಳೆಯನ್ನು ನೋಡಿದನು. ಆಮೇಲೆ ನಕ್ಕನು.

“ಇದು ನನಗ ಅವತ್ತೇ ಗೊತ್ತಿತ್ರಿ ಸರ. ಒಂದೊಂದೇ ಎಣಸ್ತಿದ್ದೆ.”

“ಅಷ್ಟ ಸಣ್ಣ ವಯಸ್ಸಿನ್ಯಾಗ ಅಷ್ಟ ತಾಳ್ಮಿ ಎಲ್ಲಿ ಕಲ್ತಿದ್ದಿಯಪ್ಪ?”

“ಹೊಲದಾಗ ಹಕ್ಕಿ ಕಾಯ್ತಿದ್ನೆಲ್ರಿ. ಜೋಳ ಹಾಲುಗಾಳಿಗಿ ಬಂದಾಗ ಮುಂಜಾನಿ ಸಂಜೀಕ ಕವಣಿ ಹಿಡದು ನಿಲ್ಲಬೇಕಾಗ್ತಿತ್ತು. ಹಾರೋ ಹಕ್ಕಿಗೆಲ್ಲ ಕಲ್ಲು ಹೊಡದ್ರ ಕಲ್ಲೂ ತೀರ್ತಾವ, ತೋಳೂ ಸೋಲ್ತದ. ತೆನಿ ಮ್ಯಾಲ ಇಳಿಯೋ ಹಕ್ಕಿಗಿ ಅಷ್ಟೇ ಹೊಡೀಬೇಕು ಅಂತ ನಮ್ಮ ಮುತ್ಯಾ ಹೇಳ್ತಿದ್ದ.”

ಕ್ಯಾಲಿಫೋರ್ನಿಯದ ಕೊಲ್ಲಿಯ ದಡದಲ್ಲಿ, ಪುಸ್ತಕಗಳಲ್ಲಿ, ಟಿವಿಯ ಎದುರಿಗೆ ನಾನು ಹುಡುಕಿ ತಿಳಿದುಕೊಂಡದ್ದನ್ನು ಒಬ್ಬ ಅಜ್ಜ ಅಫಜಲಪುರದ ಎರೆಹೊಲದಲ್ಲಿ ಎರಡು ಮಾತಿನಲ್ಲಿ ಮೊಮ್ಮಗನಿಗೆ ಹೇಳಿಕೊಟ್ಟಿದ್ದ. ಆ ಮೊಮ್ಮಗ ಅದನ್ನು ನನ್ನ ಕಣ್ಣೆದುರಿಗೇ ಆಡಿ ತೋರಿಸಿದಾಗ ನಾನು ಚಪ್ಪಾಳೆ ತಟ್ಟಿ ನಕ್ಕಿದ್ದೆ.

ಹೊರಡುವಾಗ ಅವನು ಚೀಲದ ತುಂಬ ಹೊಸ ತೊಗರಿಬೇಳೆ ತುಂಬಿಕೊಟ್ಟನು. ಬೇಡವೆಂದರೂ ಕೇಳಲಿಲ್ಲ. ಬಸ್ಸು ಹತ್ತುವ ಮೊದಲು ಕೇಳಿದೆ, “ಮತ್ತ ಆಟಕ್ಕ ಯಾಕ ಬರ್ಲಿಲ್ಲ ನೀನು?”

“ನೀವು ಕರೀಲಿಲ್ಲಲ್ರಿ ಸರ” ಎಂದನು. ಅವನ ಮಾತಿನಲ್ಲಿ ಕಹಿಯಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಮನೆಗೆ ಬಂದು ಆ ಹಾಳೆಯನ್ನು ಮತ್ತೊಮ್ಮೆ ತೆರೆದೆ. ಅವನ ಹೆಸರಿನ ಮುಂದಿದ್ದ 4ನ್ನು ಅಳಿಸಿ 17 ಎಂದು ಬರೆಯಬೇಕೆನಿಸಿತು. ಬರೆಯಲಿಲ್ಲ. ಕ್ರಿಕೆಟ್ಟಿನ ನಿಯಮ ಹಾಗಿಲ್ಲ, ಮೇಲಾಗಿ ತಡವಾಗಿ ತಿದ್ದಿದ ಲೆಕ್ಕವೂ ಒಂದು ಬಗೆಯ ಸುಳ್ಳೇ. ಅದು ಹಾಗೆಯೇ ಇರಲಿ. ಅದನ್ನು ಓದಲು ಬಾರದ ಗಣಿತದ ಮಾಸ್ತರನೊಬ್ಬನಿದ್ದನೆಂಬುದಕ್ಕೂ ಒಂದು ದಾಖಲೆ ಬೇಕಲ್ಲವೆ?